ಪಾಳುಬಿದ್ದ ಪಟ್ಟಣಗಳು ಸಭೆಗೆ ಸಾರುವ ಸಂದೇಶ

ಭಾನುವಾರದ ಆರಾಧನೆಯ ಸಂದೇಶ
ವಾಕ್ಯಭಾಗ: ಮತ್ತಾಯ 24:1-2, ಪ್ರಕಟನೆ 2:1-7, ಲೂಕ 13:1-5

ಎಲ್ಲರೂ ಒಂದ್ಸಲ ಕೈಯೆತ್ತಿ ಕರ್ತನಿಗೆ ಸ್ತೋತ್ರ ಹೇಳಿ. ಹಲ್ಲೆಲೂಯಾ! ಇಷ್ಟು ಮಳೆಯಲ್ಲೂ ಬಂದಿದ್ದೀರಿ, ದೇವರು ನಿಮ್ಮನ್ನು ಆಶೀರ್ವದಿಸಲಿ.

ಮುಂದಿನ ತಿಂಗಳು ನಮ್ಮ ಹೊಸ ಪ್ರಾರ್ಥನಾ ಮಂದಿರಕ್ಕೆ ಮೋಲ್ಡ್ ಹಾಕುವುದು ಅಂತ ತೀರ್ಮಾನವಾಗಿದೆ. ಎಷ್ಟು ವರ್ಷದ ಪ್ರಾರ್ಥನೆ, ಎಷ್ಟು ಜನರ ಕಾಣಿಕೆ! ಮನೆಗೆಲಸ ಮಾಡಿ ದುಡಿದ ದುಡ್ಡನ್ನು ತಂದುಕೊಟ್ಟ ತಾಯಂದಿರಿದ್ದಾರೆ. ಕರ್ತನಿಗೆ ಮಹಿಮೆ. ಇಂಥ ಸಮಯದಲ್ಲಿ ಪಾಸ್ಟರ್ ಕಟ್ಟುವುದರ ಬಗ್ಗೆ ಮಾತಾಡ್ತಾರೆ, ನೆಹೆಮೀಯನ ಪುಸ್ತಕ ತೆಗೀತಾರೆ ಅಂತ ನೀವು ಅಂದುಕೊಂಡಿರಬಹುದು. ಆದರೆ ಕರ್ತನು ಈ ವಾರ ನನ್ನ ಹೃದಯದಲ್ಲಿ ಬೇರೆ ಭಾರ ಇಟ್ಟಿದ್ದಾನೆ. ಇವತ್ತು ಪಾಳುಬಿದ್ದ ಪಟ್ಟಣಗಳ ಬಗ್ಗೆ ಮಾತಾಡ್ತೇನೆ. ಕಟ್ಟುವ ಮುಂಚೆ, ಕಟ್ಟಿದ್ದು ಹೇಗೆ ಹಾಳಾಗುತ್ತೆ ಅನ್ನುವುದನ್ನು ತಿಳ್ಕೊಳ್ಳೋಣ.

ಮತ್ತಾಯ 24 ನೋಡಿ. ಶಿಷ್ಯರು ಯೆರೂಸಲೇಮಿನ ದೇವಾಲಯದ ಕಟ್ಟಡಗಳನ್ನು ಯೇಸು ಸ್ವಾಮಿಗೆ ತೋರಿಸ್ತಾರೆ. ಹಳ್ಳಿಯಿಂದ ಬಂದ ಮೀನುಗಾರರು, ಆ ಕಲ್ಲುಗಳನ್ನು ನೋಡಿ ಬೆರಗಾಗಿದ್ದರು. ಆದರೆ ಯೇಸು ಸ್ವಾಮಿ ಇದರಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಅಂತ ಹೇಳಿಬಿಟ್ಟರು. ಕ್ರಿ.ಶ. 70ರಲ್ಲಿ ರೋಮಿನ ಸೈನ್ಯ ಬಂತು, ದೇವಾಲಯ ನಾಶವಾಯಿತು. ಇವತ್ತು ಯೆರೂಸಲೇಮಿಗೆ ಪ್ರವಾಸ ಹೋದವರು ಪಶ್ಚಿಮ ಗೋಡೆಯ ದಕ್ಷಿಣದ ಕಡೆಗೂ ಹೋಗಿ ನೋಡಿ. ಅಲ್ಲಿ ಅಗೆದಾಗ ಆ ಕಾಲದ ಬೀದಿ ಸಿಕ್ಕಿದೆ. ಮೇಲಿನಿಂದ ಉರುಳಿಸಿದ ದೊಡ್ಡ ದೊಡ್ಡ ಕಲ್ಲುಗಳ ರಾಶಿಯನ್ನು ಅಲ್ಲೇ ಹಾಗೇ ಬಿಟ್ಟಿದ್ದಾರೆ. ಕಲ್ಲು ಬಿದ್ದ ಏಟಿಗೆ ಬೀದಿಯ ಹಾಸುಗಲ್ಲುಗಳೇ ಕುಸಿದಿವೆ. ಕರ್ತನ ಮಾತು ಎಷ್ಟು ಸತ್ಯ ಅನ್ನುವುದಕ್ಕೆ ಆ ಬೀದಿ ಇವತ್ತಿಗೂ ಸಾಕ್ಷಿ ಹೇಳ್ತಾ ಇದೆ. ಆಮೆನ್?

ಎಫೆಸ: ಹೂಳು ತುಂಬಿದ ಬಂದರು

ಈಗ ಪ್ರಕಟನೆ 2ನೇ ಅಧ್ಯಾಯಕ್ಕೆ ಬನ್ನಿ. ಯೇಸು ಸ್ವಾಮಿ ಆಸ್ಯ ಸೀಮೆಯ ಏಳು ಸಭೆಗಳಿಗೆ ಪತ್ರ ಬರೆಸಿದರು. ಆ ಏಳೂ ಊರುಗಳು ಇವತ್ತಿನ ಟರ್ಕಿ ದೇಶದಲ್ಲಿವೆ. ಮೊದಲನೆಯದು ಎಫೆಸ.

ಎಫೆಸ ಅಂದ್ರೆ ಆ ಕಾಲಕ್ಕೆ ಸಾಮಾನ್ಯ ಊರಲ್ಲ. ದೊಡ್ಡ ಬಂದರು, ದೊಡ್ಡ ವ್ಯಾಪಾರ. ಅಲ್ಲಿನ ಅರ್ತೆಮೀದೇವಿಯ ಗುಡಿ ಪ್ರಾಚೀನ ಲೋಕದ ಏಳು ಅದ್ಭುತಗಳಲ್ಲಿ ಒಂದು. ಅದಕ್ಕೆ 127 ಕಂಬಗಳಿದ್ದವು ಅಂತ ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ಅಪೊಸ್ತಲರ ಕೃತ್ಯಗಳು 19ರಲ್ಲಿ ಓದ್ತೇವಲ್ಲ, ಅಕ್ಕಸಾಲಿಗ ದೇಮೇತ್ರಿಯ ಗಲಭೆ ಎಬ್ಬಿಸಿದ, ಜನ ನಾಟಕಶಾಲೆಗೆ ನುಗ್ಗಿ ಎರಡು ತಾಸು ಕೂಗಿದರು ಅಂತ. ಆ ನಾಟಕಶಾಲೆ ಇವತ್ತಿಗೂ ಬೆಟ್ಟದ ಮಗ್ಗುಲಲ್ಲಿ ನಿಂತಿದೆ. ಸುಮಾರು 25,000 ಜನ ಕೂರಬಹುದಾದಷ್ಟು ದೊಡ್ಡದು. ಗುಡಿ ಏನಾಯ್ತು? ಒಂದೇ ಒಂದು ಕಂಬ ಇದೆ. ಅದೂ ಬಿದ್ದಿದ್ದ ತುಂಡುಗಳನ್ನು ಜೋಡಿಸಿ ನಿಲ್ಲಿಸಿದ್ದು. ಅದರ ತುದಿಯಲ್ಲಿ ಕೊಕ್ಕರೆ ಗೂಡು ಕಟ್ಟುತ್ತೆ, ಕೆಳಗೆ ನೀರು ನಿಲ್ಲುತ್ತೆ. ಯಾವ ದೇವಿಯ ಹೆಸರಲ್ಲಿ ಎರಡು ತಾಸು ಕೂಗಿದರೋ, ಆ ಗುಡಿಯಲ್ಲಿ ಈಗ ಕೂಗುವುದು ಹಕ್ಕಿಗಳು ಮಾತ್ರ.

ಆದರೆ ಅದನ್ನು ಕೇಳಿ ನಾವು ಖುಷಿಪಡುವ ಮುಂಚೆ ಇನ್ನೊಂದು ಮಾತು ಕೇಳಿ. ಅದೇ ಊರಲ್ಲಿ ಸಭೆಯೂ ಇತ್ತು! ಪೌಲನು ಸುಮಾರು ಮೂರು ವರ್ಷ ಅಲ್ಲಿದ್ದು ಕಣ್ಣೀರಿಡುತ್ತಾ ಬೋಧಿಸಿದ. ಪ್ರಿಸ್ಕಿಲ್ಲ, ಅಕ್ವಿಲ, ಅಪೊಲ್ಲೋಸ, ತಿಮೊಥೆ, ಇವರೆಲ್ಲ ಅಲ್ಲಿ ಸೇವೆ ಮಾಡಿದವರು. ಕ್ರಿ.ಶ. 431ರಲ್ಲಿ ಕ್ರೈಸ್ತ ಲೋಕದ ಬಿಷಪರೆಲ್ಲ ಎಫೆಸದ ದೇವಾಲಯದಲ್ಲಿ ಮಹಾಸಭೆ ಸೇರಿದ್ದರು. ಆ ದೇವಾಲಯವೂ ಇವತ್ತು ಗೋಡೆಯ ತುಂಡುಗಳು, ಸಾಲು ಕಂಬಗಳು, ಹುಲ್ಲು. ಅನ್ಯದೇವತೆಯ ಗುಡಿಯೂ ಪಾಳು, ನಮ್ಮವರು ಕಟ್ಟಿದ್ದೂ ಪಾಳು. ಇದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು, ಪ್ರಿಯರೇ.

ಎಫೆಸವನ್ನು ಹಾಳು ಮಾಡಿದ್ದು ಯಾರು? ಯುದ್ಧಗಳೂ ಬಂದವು, ಭೂಕಂಪಗಳೂ ಆದವು. ಅದೆಲ್ಲ ಆದ ಮೇಲೂ ಜನ ಮತ್ತೆ ಕಟ್ಟಿಕೊಂಡರು. ಅವರ ಕೈಗೆ ಬಗ್ಗದೆ ಹೋದದ್ದು ಒಂದೇ: ಹೂಳು. ಕಾಯಿಸ್ಟರ್ ಅನ್ನೋ ನದಿ ಪ್ರತಿ ಮಳೆಗೆ ಸ್ವಲ್ಪ ಮಣ್ಣು ತಂದು ಬಂದರಿಗೆ ಹಾಕ್ತಾ ಇತ್ತು. ಒಂದು ದಿನದಲ್ಲಿ ಕಾಣುವಂಥದ್ದಲ್ಲ. ಹೂಳು ಅಂದ್ರೆ ಏನು ಅಂತ ನಮ್ಮ ಜನಕ್ಕೆ ಹೇಳಿಕೊಡಬೇಕಾಗಿಲ್ಲ, ಕೆರೆ ಹೂಳೆತ್ತಿದವರು ಇಲ್ಲೇ ಕೂತಿದ್ದೀರಿ. ತುಂಗಭದ್ರಾ ಡ್ಯಾಮ್ ನೋಡಿದವರಿಗೂ ಗೊತ್ತು, ಮೇಲಿನಿಂದ ನೋಡಿದರೆ ನೀರು ತುಂಬಿ ತುಳುಕ್ತಾ ಇರುತ್ತೆ, ಒಳಗೆ ಎಷ್ಟು ಜಾಗವನ್ನು ಮಣ್ಣು ತಿಂದಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಎಫೆಸದ ಬಂದರೂ ಹಾಗೇ. ಹಡಗು ಬರುವುದು ಕಷ್ಟವಾಯಿತು, ವ್ಯಾಪಾರ ಹೋಯಿತು, ಜೌಗು ಹೆಚ್ಚಾಯಿತು, ಜನ ಒಬ್ಬೊಬ್ಬರಾಗಿ ಬಿಟ್ಟು ಹೋದರು. ಇವತ್ತು ಅಲ್ಲಿಂದ ಸಮುದ್ರ ಐದಾರು ಕಿಲೋಮೀಟರ್ ದೂರ. ಬಂದರಿಗೆ ಹೋಗುವ ಅಗಲವಾದ ಅಮೃತಶಿಲೆಯ ರಸ್ತೆ ಇದೆ. ಅದರಲ್ಲಿ ನಡೆದುಕೊಂಡು ಹೋದರೆ ಕೊನೆಗೆ ಸಿಗುವುದು ಗಿಡಗಂಟಿ. ರಸ್ತೆ ಇದೆ, ಸಮುದ್ರ ಇಲ್ಲ!

ಈಗ ಕರ್ತನ ಪತ್ರ ಓದಿ. ಎಫೆಸದ ಸಭೆಗೆ ಯೇಸು ಸ್ವಾಮಿ ಏನು ಹೇಳ್ತಾರೆ? ನಿನ್ನ ಕೆಲಸ ಬಲ್ಲೆ, ಪ್ರಯಾಸ ಬಲ್ಲೆ, ತಾಳ್ಮೆ ಬಲ್ಲೆ, ಸುಳ್ಳು ಅಪೊಸ್ತಲರನ್ನು ಪರೀಕ್ಷಿಸಿದ್ದೂ ಬಲ್ಲೆ. ಎಲ್ಲ ಸರಿಯಾಗಿದೆ. ಆದರೆ ಮೊದಲಿನ ಪ್ರೀತಿ ಇಲ್ಲ. ಆ ರಸ್ತೆ ಇದ್ದ ಹಾಗೆ! ಆರಾಧನೆಯ ಟೈಮ್ ಸರಿಯಾಗಿದೆ, ಕ್ವಾಯರ್ ಚೆನ್ನಾಗಿದೆ, ಸೌಂಡ್ ಸಿಸ್ಟಮ್ ಚೆನ್ನಾಗಿದೆ, ಉಪದೇಶದಲ್ಲಿ ತಪ್ಪಿಲ್ಲ. ರಸ್ತೆ ಇದೆ, ಆದರೆ ಅದು ಎಲ್ಲಿಗೆ ಕರ್ಕೊಂಡು ಹೋಗಬೇಕಿತ್ತೋ ಅಲ್ಲಿ ನೀರಿಲ್ಲ.

ಹೂಳು ತುಂಬಿದ್ದು ಎಫೆಸದವರಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಹಲವು ಸಲ ಹೂಳು ತೆಗೆಸಿದರು. ಸ್ಟ್ರಾಬೊ ಅನ್ನುವ ಹಳೇ ಕಾಲದ ಭೂಗೋಳ ಲೇಖಕ ಒಂದು ವಿಷಯ ಬರೆದಿದ್ದಾನೆ. ಅತ್ತಾಲ ಅನ್ನೋ ರಾಜ, ಬಂದರಿನ ಬಾಯಿ ಚಿಕ್ಕದು ಮಾಡಿದರೆ ಒಳಗೆ ಆಳ ಹೆಚ್ಚಾಗುತ್ತೆ ಅಂತ ಅಡ್ಡ ಗೋಡೆ ಕಟ್ಟಿಸಿದನಂತೆ. ಆಗಿದ್ದೇನು? ಮೊದಲು ಸಮುದ್ರದ ಅಲೆ ಬಂದು ಮಣ್ಣನ್ನು ಹೊರಗೆ ಎಳೆದುಕೊಂಡು ಹೋಗ್ತಿತ್ತು. ಬಾಯಿ ಚಿಕ್ಕದಾದ ಮೇಲೆ ಮಣ್ಣೆಲ್ಲ ಒಳಗೇ ಉಳೀತು, ಬಂದರು ಇನ್ನೂ ಬೇಗ ತುಂಬಿತು.

ಇದನ್ನು ಸ್ವಲ್ಪ ಯೋಚನೆ ಮಾಡಿ. ಮನಸ್ಸಿನಲ್ಲಿ ಕಹಿ ತುಂಬಿದಾಗ ನಾವೂ ಇದನ್ನೇ ಮಾಡುವುದಲ್ವಾ? ಯಾರ ಜೊತೆಯೂ ಮಾತಾಡಲ್ಲ, ಪ್ರಾರ್ಥನಾ ಕೂಟಕ್ಕೆ ಹೋಗಲ್ಲ, ನಾನಾಯ್ತು ನನ್ನ ಪಾಡಾಯ್ತು ಅಂತ ಬಾಯಿ ಮುಚ್ಚಿಕೊಳ್ತೇವೆ. ಗೋಡೆ ಕಟ್ಟಿದರೆ ಆಳ ಹೆಚ್ಚಾಗುತ್ತೆ ಅಂದುಕೊಳ್ತೇವೆ. ಆದರೆ ಸಹೋದರರ ಪ್ರೀತಿ, ಒಬ್ಬರಿಗೊಬ್ಬರು ಅರಿಕೆ ಮಾಡುವುದು, ಕ್ಷಮೆ ಕೇಳುವುದು, ಇವೇ ಆ ಮಣ್ಣನ್ನು ಹೊರಗೆ ಎಳೆದುಕೊಂಡು ಹೋಗುವ ಅಲೆ. ಬಾಗಿಲು ಹಾಕಿದರೆ ಕಹಿ ಒಳಗೇ ಕೂರುತ್ತೆ.

ಪೌಲನು ಎಫೆಸದ ಹಿರಿಯರನ್ನು ಮಿಲೇತಕ್ಕೆ ಕರೆಸಿ ಕೊನೇ ಸಲ ಮಾತಾಡಿದ್ದು ನೆನಪಿದೆಯಾ? ಅವನ ಕೊರಳನ್ನು ತಬ್ಬಿ ಅತ್ತು, ಹಡಗಿನ ತನಕ ಹೋಗಿ ಕಳಿಸಿಕೊಟ್ಟರು. ಆ ಮಿಲೇತದ ಬಂದರಿಗೂ ಇದೇ ಗತಿ. ಬೇರೆ ನದಿ, ಅದೇ ಹೂಳು. ಹಡಗು ನಿಂತಿದ್ದ ಕಡೆ ಈಗ ಒಣನೆಲ. ಆದರೆ ಆ ಕಣ್ಣೀರಿನ ಮಾತುಗಳು ಇವತ್ತು ನಿಮ್ಮ ಕೈಯಲ್ಲಿರುವ ಬೈಬಲಿನಲ್ಲಿ ಜೀವಂತವಾಗಿವೆ. ಹಲ್ಲೆಲೂಯಾ!

ಸಾರ್ದಿಸ್: ಕಾವಲಿಲ್ಲದ ಕಡೆ

ಎಫೆಸದಿಂದ ಒಳನಾಡಿಗೆ ಹೋದರೆ ಸಾರ್ದಿಸ್. ಲುದ್ಯ ರಾಜ್ಯದ ರಾಜಧಾನಿ, ಐಶ್ವರ್ಯಕ್ಕೆ ಹೆಸರಾದ ಕ್ರೋಸಸ್ ರಾಜನ ಊರು. ಅಲ್ಲಿನ ಹೊಳೆಯ ಮರಳಿನಲ್ಲೇ ಚಿನ್ನ ಸಿಗ್ತಿತ್ತು. ಕೋಟೆ ಇದ್ದದ್ದು ಕಡಿದಾದ ಬೆಟ್ಟದ ಮೇಲೆ. ಒಂದು ಕಡೆ ಎಷ್ಟು ಕಡಿದು ಅಂದ್ರೆ, ಇಲ್ಲಿ ಯಾರು ಹತ್ತಿ ಬರ್ತಾರೆ ಅಂತ ಅಲ್ಲಿ ಕಾವಲೇ ಇಡಲಿಲ್ಲ.

ಪಾರಸಿಯ ರಾಜ ಕೋರೆಷ ಮುತ್ತಿಗೆ ಹಾಕಿದಾಗ ಏನಾಯ್ತು ಅಂತ ಹೆರೊಡೊಟಸ್ ಬರೆದಿದ್ದಾನೆ. ಕೋಟೆಯ ಸೈನಿಕನೊಬ್ಬನ ಶಿರಸ್ತ್ರಾಣ ಉರುಳಿ ಕೆಳಗೆ ಬಿತ್ತು. ಅವನು ಆ ಕಡಿದಾದ ಜಾಗದಲ್ಲೇ ಇಳಿದು ಬಂದು ಎತ್ತಿಕೊಂಡು ಮೇಲೆ ಹೋದ. ಶತ್ರು ಸೈನ್ಯದವನೊಬ್ಬ ನೋಡ್ತಾ ಇದ್ದ. ಅವನು ಇಳಿದ ದಾರಿಯಲ್ಲೇ ಇವರು ಹತ್ತಿದರು. ಸಾರ್ದಿಸ್ ಬಿತ್ತು. ಇದು ಕ್ರಿಸ್ತಪೂರ್ವ ಆರನೇ ಶತಮಾನದ ಮಾತು. ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಅಂತಿಯೋಕ ರಾಜನ ಸೈನ್ಯ ಅದೇ ರೀತಿ, ಕಾವಲಿಲ್ಲದ ಕಡೆಯಿಂದಲೇ ಮತ್ತೆ ಹತ್ತಿತು! ಗೋಡೆಯ ಮೇಲೆ ಹದ್ದುಗಳು ನೆಮ್ಮದಿಯಾಗಿ ಕೂತಿದ್ದನ್ನು ನೋಡಿ, ಇಲ್ಲಿ ಕಾವಲುಗಾರರಿಲ್ಲ ಅಂತ ಕಂಡುಕೊಂಡರಂತೆ.

ಇದೇ ಊರಿನ ಸಭೆಗೆ ಯೇಸು ಸ್ವಾಮಿ ಬರೆಸಿದ್ದೇನು? ಎಚ್ಚರವಾಗು, ಇಲ್ಲದಿದ್ದರೆ ಕಳ್ಳನು ಬರುವ ಹಾಗೆ ಬರುತ್ತೇನೆ ಅಂತ. ತಮ್ಮ ಊರಿನ ಚರಿತ್ರೆ ಗೊತ್ತಿದ್ದವರಿಗೆ ಆ ಮಾತು ಎಷ್ಟು ನಾಟಿರಬೇಕು!

ನಾವು ಬಲಹೀನರು ಅಂತ ಗೊತ್ತಿರುವ ಕಡೆ ಕಾವಲು ಇಟ್ಟೇ ಇಡ್ತೇವೆ. ಕುಡಿತ ಬಿಟ್ಟು ಬಂದ ಸಹೋದರ ಆ ಅಂಗಡಿಯ ರಸ್ತೆಯಲ್ಲೇ ಹೋಗಲ್ಲ. ಶತ್ರು ಅಲ್ಲಿಂದ ಬರಲ್ಲ. "ಇದರಲ್ಲಿ ನನಗೆ ಏನೂ ಆಗಲ್ಲ" ಅಂತ ಬಿಟ್ಟ ಕಡೆಯಿಂದ ಬರ್ತಾನೆ. ಹದ್ದು ಎಲ್ಲಿ ಕೂತಿದೆ ಅಂತ ನೋಡ್ಕೊಳ್ಳಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ನಿಮ್ಮ ಫೋನಿನಲ್ಲಿ ಏನು ಓಡ್ತಾ ಇದೆ? ಸಭೆಯ ದುಡ್ಡಿನ ಲೆಕ್ಕವನ್ನು ಕೇಳುವವರಿದ್ದಾರಾ? ಈ ಮಾತನ್ನು ಮೊದಲು ಪಾಸ್ಟರಿಗೆ, ಕಮಿಟಿಯವರಿಗೆ ಹೇಳ್ತೇನೆ: ಕಟ್ಟಡದ ಒಂದೊಂದು ರೂಪಾಯಿ ಲೆಕ್ಕವೂ ನೋಟಿಸ್ ಬೋರ್ಡಿನಲ್ಲಿ ಬರಲಿ. ವಿಶ್ವಾಸ ಇದೆ ಅಂತ ಕಾವಲು ತೆಗೆಯುವುದು ಬೇಡ. ಆಮೆನ್ ಹೇಳಿ!

ಕೋಲ್ಮನ್ಸ್‌ಕಾಪ್: ಮರಳು ತುಂಬಿದ ಮನೆ

ಬೈಬಲ್ ಕಾಲದ ಊರುಗಳನ್ನು ನೋಡಿದೆವು. ಈಗ ನಮ್ಮ ಅಜ್ಜಂದಿರ ಕಾಲಕ್ಕೆ ಬರೋಣ. ಆಫ್ರಿಕದ ನಮೀಬಿಯಾ ದೇಶ, ಸಮುದ್ರದ ಪಕ್ಕದಲ್ಲೇ ಮರುಭೂಮಿ. 1908ರಲ್ಲಿ ಜಕರಾಯಸ್ ಲೆವಾಲಾ ಅನ್ನುವ ರೈಲ್ವೆ ಕೂಲಿಯವನು ಹಳಿಯ ಮೇಲಿನ ಮರಳು ತೆಗೀತಿದ್ದಾಗ ಹೊಳೆಯುವ ಕಲ್ಲು ಸಿಕ್ಕಿತು. ತನ್ನ ಮೇಲಿನವನಿಗೆ ಕೊಟ್ಟ. ಅದು ವಜ್ರ! ಆಗ ಅದು ಜರ್ಮನರ ವಸಾಹತು. ಕೆಲವೇ ವರ್ಷದಲ್ಲಿ ಆ ಮರುಭೂಮಿಯಲ್ಲಿ ಕೋಲ್ಮನ್ಸ್‌ಕಾಪ್ ಅನ್ನುವ ಊರೆದ್ದಿತು. ಆಸ್ಪತ್ರೆ, ಎಕ್ಸ್‌ರೇ ಯಂತ್ರ, ನೃತ್ಯಶಾಲೆ, ಐಸ್ ಫ್ಯಾಕ್ಟರಿ. ಕುಡಿಯೋ ನೀರಿಲ್ಲದ ಜಾಗದಲ್ಲಿ ಐಸ್ ಫ್ಯಾಕ್ಟರಿ! ದುಡ್ಡಿದ್ದರೆ ಏನು ಬೇಕಾದರೂ ಆಗುತ್ತೆ ಅಂತ ಲೋಕ ಹೇಳುತ್ತಲ್ಲ, ಅದು ಅಲ್ಲಿ ಆಗಿತ್ತು. ವಜ್ರ ಹುಡುಕಿದವನಿಗೆ ಮಾತ್ರ ಆ ಐಶ್ವರ್ಯದಲ್ಲಿ ಪಾಲು ಸಿಗಲಿಲ್ಲ. ಕೂಲಿಯವನ ಕೂಗು ಕರ್ತನ ಕಿವಿಗೆ ಬೀಳುತ್ತೆ ಅಂತ ಯಾಕೋಬನ ಪತ್ರಿಕೆ 5ರಲ್ಲಿ ಓದ್ತೇವೆ, ಮರೀಬೇಡಿ.

ಆಮೇಲೆ ದಕ್ಷಿಣಕ್ಕೆ ಇನ್ನೂ ದೊಡ್ಡ ವಜ್ರದ ನೆಲೆ ಸಿಕ್ಕಿತು. ಜನ ಅತ್ತ ಹೊರಟರು. 1956ರ ಹೊತ್ತಿಗೆ ಊರು ಖಾಲಿ. ಈಗ ಅಲ್ಲಿಗೆ ಪ್ರವಾಸಿಗರು ಹೋಗಿ ಫೋಟೋ ತೆಗೀತಾರೆ. ಮನೆಗಳು ನಿಂತಿವೆ, ಗೋಡೆಯ ಬಣ್ಣ ಕೂಡ ಕಾಣುತ್ತೆ. ಕೋಣೆ ಒಳಗೆ ಮಂಡಿಯ ತನಕ, ಕೆಲವು ಕಡೆ ಸೊಂಟದ ತನಕ ಮರಳು. ಬಾಗಿಲು ಮುಚ್ಚುವುದಕ್ಕೂ ಬರಲ್ಲ, ತೆಗೆಯುವುದಕ್ಕೂ ಬರಲ್ಲ.

ಆ ಮರಳು ಊರಿದ್ದಾಗ ಬರ್ತಿರಲಿಲ್ವಾ? ದಿನಾ ಬರ್ತಿತ್ತು. ದಿನಾ ಗುಡಿಸ್ತಿದ್ದರು. ಗುಡಿಸುವುದು ನಿಂತ ಮೇಲೆ ಮನೆ ಮರಳಿನದಾಯಿತು. ತಾಯಂದಿರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಒಂದು ವಾರ ಊರಿಗೆ ಹೋಗಿ ಬಂದರೆ ಮನೆ ಹೇಗಿರುತ್ತೆ? ಯಾರೂ ಕಸ ತಂದು ಹಾಕಿರಲ್ಲ. ಕುಟುಂಬ ಪ್ರಾರ್ಥನೆ ಅಂದ್ರೆ ದಿನದ ಗುಡಿಸುವ ಕೆಲಸ. ಗಂಡ ಹೆಂಡತಿ ಮಾತಿಗೆ ಮಾತು ಬೆಳೆದಿರುತ್ತೆ, ಮಕ್ಕಳ ಮೇಲೆ ಕೋಪ ಇರುತ್ತೆ, ಆಫೀಸಿನ ಚಿಂತೆ ಇರುತ್ತೆ. ರಾತ್ರಿ ಹತ್ತು ನಿಮಿಷ ಒಟ್ಟಿಗೆ ಕೂತು ವಾಕ್ಯ ಓದಿ ಪ್ರಾರ್ಥನೆ ಮಾಡಿದರೆ ಅಂದಿನ ಮರಳು ಅಂದೇ ಹೊರಗೆ. ಹತ್ತು ನಿಮಿಷ ದೊಡ್ಡದು ಅಂತ ಅನಿಸಲ್ಲ. ಆದರೆ ಒಂದು ವರ್ಷ ಬಿಟ್ಟು ನೋಡಿ, ಬಾಗಿಲು ಅಲ್ಲಾಡಲ್ಲ.

ಹಾಳಾದವರೆಲ್ಲ ಪಾಪಿಗಳಾ?

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಪಾಳುಬಿದ್ದ ಊರು ಕಂಡ ಕೂಡಲೇ "ಅವರ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ" ಅಂತ ಹೇಳುವ ಚಪಲ ನಮ್ಮಲ್ಲಿದೆ. ಉಕ್ರೇನಿನ ಪ್ರಿಪ್ಯಾತ್ ಪಟ್ಟಣ ನೋಡಿ. ಚೆರ್ನೋಬಿಲ್ ಅಣುಸ್ಥಾವರದ ಕೆಲಸಗಾರರಿಗಾಗಿ 1970ರಲ್ಲಿ ಶುರುವಾದ ಊರು, ಸುಮಾರು 49,000 ಜನ. 1986ರ ಏಪ್ರಿಲ್ 26ರ ರಾತ್ರಿ ನಾಲ್ಕನೇ ರಿಯಾಕ್ಟರ್ ಸಿಡಿಯಿತು. ಮರುದಿನ ಮಧ್ಯಾಹ್ನ ಬಸ್ಸುಗಳ ಸಾಲು ಬಂತು. ಕಾಗದಪತ್ರ, ಸ್ವಲ್ಪ ಊಟ ತಗೊಳ್ಳಿ, ಕೆಲವು ದಿನ ಅಷ್ಟೇ ಅಂತ ಹೇಳಿದರು. ಅವರು ವಾಪಸ್ ಬಂದು ಅಲ್ಲಿ ಬಾಳಲೇ ಇಲ್ಲ. ಮೇ 1ಕ್ಕೆ ಮಕ್ಕಳಿಗಾಗಿ ತೆರೆಯಬೇಕಿದ್ದ ಪಾರ್ಕಿನ ಹಳದಿ ಜಾಯಿಂಟ್ ವೀಲ್ ಇವತ್ತಿಗೂ ಹಾಗೇ ನಿಂತಿದೆ. ನಮ್ಮ ಹತ್ತಿರದ ಧನುಷ್ಕೋಡಿ? 1964ರ ಡಿಸೆಂಬರ್ ಚಂಡಮಾರುತಕ್ಕೆ ಒಂದೇ ರಾತ್ರಿಯಲ್ಲಿ ಹೋಯಿತು. ಅಲ್ಲಿನ ಚರ್ಚಿನ ಗೋಡೆಗಳು ಮರಳಿನ ಮೇಲೆ ನಿಂತಿವೆ. ಪ್ರಾರ್ಥನೆ ಮಾಡುವವರ ಮನೆಯೂ ಹೋಯಿತು, ಮಾಡದವರದ್ದೂ ಹೋಯಿತು.

ಲೂಕ 13ರಲ್ಲಿ ಇದೇ ಪ್ರಶ್ನೆ. ಸಿಲೊವದಲ್ಲಿ ಬುರುಜು ಬಿದ್ದು ಹದಿನೆಂಟು ಜನ ಸತ್ತರು. ಅವರು ಬೇರೆಯವರಿಗಿಂತ ದೊಡ್ಡ ಪಾಪಿಗಳಾ? ಯೇಸು ಸ್ವಾಮಿ ಖಂಡಿತವಾಗಿ ಅಲ್ಲ ಅಂದರು. ಆಮೇಲೆ ಬೆರಳನ್ನು ಕೇಳಿದವರ ಕಡೆಗೆ ತಿರುಗಿಸಿದರು: ನೀವು ಮಾನಸಾಂತರಪಡಿರಿ ಅಂತ. ಸತ್ತವರ ಲೆಕ್ಕ ನಿಮಗೆ ಬೇಡ, ನಿಮ್ಮ ಲೆಕ್ಕ ನೋಡಿಕೊಳ್ಳಿ ಅನ್ನುವ ಅರ್ಥ.

ಕೆಲವು ಪ್ರಸಂಗಿಗಳು ಇನ್ನೊಂದು ಮಾತು ಹೇಳ್ತಾರೆ. ಏಳು ಸಭೆಗಳಲ್ಲಿ ಕರ್ತನು ತಪ್ಪು ಎತ್ತಿ ತೋರಿಸದ ಸಭೆಗಳು ಎರಡು, ಸ್ಮುರ್ನ ಮತ್ತು ಫಿಲದೆಲ್ಫಿಯ. ಅದಕ್ಕೇ ಆ ಊರುಗಳು ಇವತ್ತಿಗೂ ಇವೆ ಅಂತ. ಸ್ಮುರ್ನ ಇವತ್ತಿನ ಇಜ್ಮಿರ್ ಮಹಾನಗರ, ಅದು ನಿಜ. ಆದರೆ ಗದರಿಸಲ್ಪಟ್ಟ ಪೆರ್ಗಮ, ಥುವತೈರಗಳ ಜಾಗದಲ್ಲೂ ಜನ ತುಂಬಿದ ಪಟ್ಟಣಗಳಿವೆ. ಆದ್ದರಿಂದ ಆ ಲೆಕ್ಕ ಕೂಡಿ ಬರಲ್ಲ. ಕರ್ತನು ತೆಗೆದುಬಿಡುತ್ತೇನೆ ಅಂದದ್ದು ಊರನ್ನಲ್ಲ, ದೀಪಸ್ತಂಭವನ್ನು. ಊರು ಗಿಜಿಗುಡ್ತಾ ಇರುವಾಗಲೇ ದೀಪಸ್ತಂಭ ಹೋಗಿರಬಹುದು. ಕಟ್ಟಡ ಪಳಪಳ ಹೊಳೀತಾ ಇರುವಾಗಲೇ ಸಭೆ ಪಾಳುಬಿದ್ದಿರಬಹುದು. ಇದೇ ನನ್ನ ಹೃದಯದ ಭಾರ, ಪ್ರಿಯರೇ.

ಶೆಟ್ಟಿಹಳ್ಳಿ: ನೀರಲ್ಲಿ ನಿಂತ ಚರ್ಚು

ಇದರ ಇನ್ನೊಂದು ಮಗ್ಗುಲೂ ಇದೆ. ಹಾಸನದ ಹತ್ತಿರ ಶೆಟ್ಟಿಹಳ್ಳಿ ಚರ್ಚು ನಿಮ್ಮಲ್ಲಿ ಎಷ್ಟೋ ಜನ ನೋಡಿದ್ದೀರಿ. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಚರ್ಚು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಬಂದ ಮೇಲೆ ಆ ಜಾಗ ಹಿನ್ನೀರಿಗೆ ಸೇರಿತು, ಜನ ಬೇರೆ ಕಡೆ ಹೋಗಿ ನೆಲೆಸಿದರು. ಮಳೆಗಾಲದಲ್ಲಿ ನೀರು ಏರಿದಾಗ ಅರ್ಧ ಚರ್ಚು ಮುಳುಗಿರುತ್ತೆ, ಬೇಸಿಗೆಯಲ್ಲಿ ಒಳಗೇ ನಡೆದು ಹೋಗಬಹುದು. ಚಾವಣಿ ಇಲ್ಲ, ಕಮಾನುಗಳಿವೆ. ನಮ್ಮ ಯೌವನಸ್ಥರಿಗೆ ಒಂದು ಮಾತು: ಹೋಗಿ ನೋಡಿ, ಆದರೆ ಗೋಡೆ ಮೇಲೆ ಹೆಸರು ಕೆತ್ತಬೇಡಿ, ಗೋಡೆ ಹತ್ತಬೇಡಿ, ಬಾಟಲಿ ಬಿಟ್ಟು ಬರಬೇಡಿ. ಯಾರೋ ಮೊಣಕಾಲೂರಿದ ಜಾಗ ಅದು.

ಆ ಚರ್ಚು ಪಾಳು. ಅಲ್ಲಿ ಪ್ರಾರ್ಥನೆ ಮಾಡಿದವರು ಪಾಳಾ? ಅವರು ಗಂಟು ಮೂಟೆ ಕಟ್ಟಿಕೊಂಡು ಹೋಗುವಾಗ ಕಲ್ಲುಗಳನ್ನು ಬಿಟ್ಟು ಹೋದರು, ನಂಬಿಕೆಯನ್ನು ಬಿಟ್ಟು ಹೋಗಬೇಕಾಗಿರಲಿಲ್ಲ. 1 ಪೇತ್ರ 2ರಲ್ಲಿ ನಮ್ಮನ್ನು ಜೀವವುಳ್ಳ ಕಲ್ಲುಗಳು ಅಂತ ಕರೆದಿದೆ. ಜೀವವುಳ್ಳ ಕಲ್ಲಿಗೆ ಕಾಲಿದೆ, ಅದು ನಡೆಯುತ್ತೆ! ಹಿನ್ನೀರು ಬಂದರೂ ಅದು ಮುಳುಗಲ್ಲ. ಹಲ್ಲೆಲೂಯಾ!

ಆದ್ದರಿಂದ ನಮ್ಮ ಮಂದಿರ ಕಟ್ಟೋಣ. ಗಟ್ಟಿಯಾಗಿ ಕಟ್ಟೋಣ, ಸಿಮೆಂಟಿನಲ್ಲಿ ಮೋಸ ಬೇಡ. ಆದರೆ ಅದೂ ಒಂದು ದಿನ ಪಾಳುಬೀಳುತ್ತೆ ಅಂತ ತಿಳ್ಕೊಂಡೇ ಕಟ್ಟೋಣ. ನಿಮ್ಮ ಕಾಣಿಕೆಗಿಂತ ನೀವು ದೊಡ್ಡವರು. ಮೋಲ್ಡ್ ಹಾಕುವ ದಿನದ ತನಕ ಪ್ರತಿ ಮನೆಯೂ ಮೂರು ಕೆಲಸ ಮಾಡಲಿ. ಒಂದು, ನಿಂತುಹೋದ ಕುಟುಂಬ ಪ್ರಾರ್ಥನೆ ಇವತ್ತು ರಾತ್ರಿಯೇ ಶುರುವಾಗಲಿ. ಎರಡು, ಕಾವಲಿಲ್ಲದ ಒಂದು ಕಡೆಯನ್ನು ನಂಬಿಕಸ್ಥರಾದ ಒಬ್ಬರ ಹತ್ತಿರ ಹೇಳಿಕೊಂಡು ಪ್ರಾರ್ಥನೆ ಕೇಳಿ. ಮೂರು, ಮಾತು ಬಿಟ್ಟವರ ಹತ್ತಿರ ಹೋಗಿ ಮಾತಾಡಿ. ಇದೇ ಸಭೆಯಲ್ಲಿ ಒಂದೇ ಸಾಲಿನಲ್ಲಿ ಕೂತು ಒಬ್ಬರಿಗೊಬ್ಬರು ಸ್ತೋತ್ರ ಹೇಳದವರಿದ್ದಾರೆ. ಆ ಗೋಡೆ ಇಟ್ಟುಕೊಂಡು ಹೊಸ ಗೋಡೆ ಕಟ್ಟಿದರೆ ಕರ್ತನಿಗೆ ಮಹಿಮೆ ಹೇಗೆ ಬರುತ್ತೆ?

ಎಫೆಸಕ್ಕೆ ಕರ್ತನು ಕೊಟ್ಟ ಔಷಧಿ ಸುಲಭ: ನೆನಪು ಮಾಡಿಕೋ, ತಿರುಗಿಕೋ, ಮೊದಲು ಮಾಡಿದ್ದನ್ನು ಮಾಡು. ಬಂದರಿನ ಹೂಳನ್ನು ರಾಜರಿಂದ ತೆಗೆಯಲಾಗಲಿಲ್ಲ. ಹೃದಯದ ಹೂಳನ್ನು ತೆಗೆಯುವ ಪವಿತ್ರಾತ್ಮನು ಈಗ ಈ ಜಾಗದಲ್ಲಿದ್ದಾನೆ.

ಎಲ್ಲರೂ ಎದ್ದು ನಿಲ್ಲಿ. ಕಣ್ಣು ಮುಚ್ಚಿ. ಮೊದಲಿನ ಪ್ರೀತಿ ಕಳ್ಕೊಂಡಿದ್ದೇನೆ ಅಂತ ಅನಿಸಿದವರು ನಾಚಿಕೆ ಪಡದೆ ಮುಂದೆ ಬನ್ನಿ, ಹಿರಿಯರು ನಿಮಗೋಸ್ಕರ ಪ್ರಾರ್ಥಿಸ್ತಾರೆ.

ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ಈ ಜನರ ಹೃದಯಗಳನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ. ತುಂಬಿಕೊಂಡಿರುವ ಕಹಿಯನ್ನು, ಬೇಸರವನ್ನು, ಅಲಕ್ಷ್ಯವನ್ನು ತೆಗೆದುಹಾಕು. ಮನೆ ಕಳೆದುಕೊಂಡವರನ್ನು, ಊರು ಬಿಟ್ಟು ಬಂದವರನ್ನು, ಯುದ್ಧದ ಮಧ್ಯದಲ್ಲಿರುವ ಉಕ್ರೇನಿನ ಜನರನ್ನು ಕಾಪಾಡು. ನಾವು ಕಟ್ಟುವ ಮಂದಿರಕ್ಕಿಂತ ಮೊದಲು ನಮ್ಮನ್ನು ಕಟ್ಟು. ನಮ್ಮ ಮಧ್ಯದಲ್ಲಿರುವ ದೀಪಸ್ತಂಭ ಆರದಿರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.